ಗಾಳಿಗೆ ಬೆನ್ನು ಮಾಡಿದ ಚಾಣ

"ಸಾರ್, ನಿಮ್ಮ ಟೋಪಿ ಸ್ವಲ್ಪ ಕೊಡ್ತೀರಾ?" ಅಂದಳು ಗುಮಾನಿ ಅಕ್ಕ.

ಇನ್ಸ್‌ಪೆಕ್ಟರ್ ಎರಡೂ ಕೈಯಲ್ಲಿ ತಲೆ ಮೇಲಿನ ಉಣ್ಣೆ ಟೋಪಿಯನ್ನು ಒತ್ತಿ ಹಿಡಿದುಕೊಂಡರು. ಅದರ ಕೆಳಗೆ ಕೂದಲಿಲ್ಲ ಅನ್ನುವುದು ಇಡೀ ಠಾಣೆಗೆ ಗೊತ್ತಿತ್ತು, ಆದರೆ ಎತ್ತಿ ಆಡುವ ಧೈರ್ಯ ಯಾರಿಗೂ ಇರಲಿಲ್ಲ.

"ನೆಗಡಿ ಆಗಿದೆ ಮೇಡಂ ನನಗೆ. ಅದೂ ಅಲ್ದೆ ಇದು ಮನೆಯವಳು ಹೆಣೆದದ್ದು."

"ವಾಪಸ್ ಕೊಡಿಸೋದು ನನ್ನ ಜವಾಬ್ದಾರಿ."

ಬೆಟ್ಟದ ಕೊನೆಯಲ್ಲಿರುವ ತುದಿಬಂಡೆಯ ಮೇಲೆ ಇಬ್ಬರೂ ನಿಂತಿದ್ದರು. ನಿನ್ನೆ ಬೆಳಿಗ್ಗೆ, ಹಕ್ಕಿ ನೋಡಲು ಬಂದ ಗುಂಪಿನ ಹಿರಿಯ ಹದ್ದಿನಜ್ಜ ಇಲ್ಲಿಂದಲೇ ಕೆಳಗೆ ಬಿದ್ದು ಸತ್ತದ್ದು. ಅವರ ಬೆನ್ನ ಹಿಂದೆ ಬರೀ ಪ್ರಪಾತ, ಮಂಜು. ಮುಂದೆ ಒಣಹುಲ್ಲಿನ ಬಯಲು, ಅದರ ನಡುವೆ ತುಕ್ಕು ಹಿಡಿದ ಹಳೇ ವೈರ್‌ಲೆಸ್ ಕಂಬ, ಅದರಾಚೆ ಲಾಡ್ಜು. ಲಾಡ್ಜಿನ ಅಡುಗೆಮನೆ ಹಿತ್ತಲಿಗೊಂದು ಮುಳ್ಳುಬೇಲಿ. ಆ ಅಡುಗೆಮನೆಯಲ್ಲೇ ಅಕ್ಕನ ತಮ್ಮನ ಕೆಲಸ.

ಇನ್ಸ್‌ಪೆಕ್ಟರ್ ಕೊಟ್ಟ ಟೋಪಿಯನ್ನು ಅಕ್ಕ ತಲೆಯೆತ್ತರಕ್ಕೆ ಹಿಡಿದು ಬಿಟ್ಟಳು.

ಅದು ಕೆಳಗೆ ಬೀಳಲಿಲ್ಲ. ಗಾಳಿ ಅದನ್ನು ಕೈಯಿಂದ ಕಸಿದುಕೊಂಡಿತು. ಹುಲ್ಲಿನ ಮೇಲೆ ಉರುಳಿ, ಎದ್ದು, ಮತ್ತೆ ಉರುಳಿ, ಕಂಬವನ್ನು ದಾಟಿ, ಕೊನೆಗೆ ಲಾಡ್ಜಿನ ಮುಳ್ಳುಬೇಲಿಗೆ ಹೋಗಿ ಸಿಕ್ಕಿಕೊಂಡಿತು.

"ಅಜ್ಜನ ಟೋಪಿ ನಿಮಗೆ ಸಿಕ್ಕಿದ್ದೂ ಅದೇ ಬೇಲೀಲಿ ಅಲ್ವಾ ಸಾರ್?"

ಇನ್ಸ್‌ಪೆಕ್ಟರ್ ಬೋಳುತಲೆಯ ಮೇಲೆ ಕರವಸ್ತ್ರ ಹಾಕಿಕೊಂಡರು. "ಸರಿ. ಟೋಪಿ ನಿಮ್ಮ ತಮ್ಮ ತಂದದ್ದಲ್ಲ, ತಾನಾಗೇ ಹಾರಿ ಹೋಗಿರಬಹುದು, ಒಪ್ಪಿದೆ. ಆದ್ರೆ ಜಗಳ? ಹಿಂದಿನ ದಿನ ಸಂಜೆ ನಿಮ್ಮ ತಮ್ಮ ಅಜ್ಜನ ಹತ್ರ ಕೂಗಾಡಿದ್ದನ್ನ ಎಲ್ರೂ ಕೇಳಿದ್ದಾರೆ."

"ಪಲ್ಯಕ್ಕೆ ಉಪ್ಪು ಜಾಸ್ತಿ ಆಯ್ತು ಅಂತ ಅಜ್ಜ ಬೈದ್ರಂತೆ. ಅಡುಗೆಯವನಿಗೆ ಕೋಪ ಬರಲ್ವಾ?"

"ಉಪ್ಪಿಗೋಸ್ಕರ ಅಷ್ಟು ಕೂಗಾಟನಾ ಮೇಡಂ? ಶವ ಇಳಿಸೋಕೆ ಹೋದ ಜೀಪು ಮಂಜು ಕರಗಿದ ತಕ್ಷಣ ವಾಪಸ್ ಬರುತ್ತೆ. ಅಷ್ಟರೊಳಗೆ ನೀವು ಬೇರೆ ಏನೂ ತೋರಿಸದಿದ್ರೆ ನಿಮ್ಮ ತಮ್ಮನ್ನ ಕರ್ಕೊಂಡು ಹೋಗೋದೇ. ನಾಳೆ ಕೋರ್ಟು."

ಅಷ್ಟು ಹೇಳಿ ಅವರು ಟೋಪಿಯ ಬೆನ್ನು ಹತ್ತಿ ಓಡಿದರು.

ಅಕ್ಕ ಅಲ್ಲೇ ನಿಂತಳು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳನ್ನು ಹಿಡಿಯುವುದು ಅವಳ ಕೆಲಸ. ಸುಟ್ಟ ಗೋಡೌನು, ಕಳುವಾದ ಕಾರು, ಕಾಲು ಮುರಿದುಕೊಂಡವರ ಕುಂಟು, ಯಾವುದನ್ನೂ ಅವಳು ಒಂದೇ ಏಟಿಗೆ ನಂಬಿದವಳಲ್ಲ. ಗುಮಾನಿ ಅನ್ನುವ ಹೆಸರು ಆಫೀಸಿನವರು ಇಟ್ಟದ್ದು. ಅವಳು ಗುಮಾನಿ ಪಡದೆ ನಂಬುವ ಮನುಷ್ಯ ಲೋಕದಲ್ಲಿ ಒಬ್ಬನೇ ಇದ್ದ. ಅಮ್ಮ ಹೋದ ಮೇಲೆ ಅವಳೇ ಉಣ್ಣಿಸಿ, ಬಟ್ಟೆ ತೊಡಿಸಿ, ಶಾಲೆಗೆ ಬಿಟ್ಟು ಬೆಳೆಸಿದ ತಮ್ಮ. ಈಗ ಅವನ ಕೈಗೆ ಕೋಳ ಬೀಳುವ ಹಾಗಿತ್ತು, ಅದಕ್ಕೇ ನಿನ್ನೆ ಸುದ್ದಿ ಸಿಕ್ಕ ತಕ್ಷಣ ಬೆಟ್ಟ ಹತ್ತಿ ಬಂದಿದ್ದಳು.

ಬಂಡೆಯಿಂದ ಕೆಳಗಿಳಿದು ಹುಲ್ಲನ್ನು ಕಾಲಿನಿಂದ ಸರಿಸುತ್ತಾ ಹುಡುಕಿದಳು. ನಿನ್ನೆ ಪೊಲೀಸರು ತುಳಿದಾಡಿದ ಜಾಗವನ್ನು ಬಿಟ್ಟು ಪೊದೆಗಳ ಕಡೆ ಹೋದಳು. ಅಲ್ಲಿ ನೆಲಕ್ಕೆ ಹೊಡೆದ ಒಂದು ಪುಟ್ಟ ಗೂಟ. ಅದಕ್ಕೆ ಬಿಳೀ ನೂಲಿನ ತುಂಡು. ಕಿತ್ತು ಮೂಗಿನ ಹತ್ತಿರ ಹಿಡಿದಳು. ಪುದೀನ ವಾಸನೆ.

ಗೂಟ ಅವಳ ಸ್ವೆಟರಿನ ಜೇಬು ಸೇರಿತು.

ಕಂಬದ ಬುಡದಲ್ಲಿ ಸಿಮೆಂಟು ಕಟ್ಟೆಯ ಮರೆಗೆ ಸಂಗೀತದ ಟೀಚರು ಕೂತಿದ್ದರು. ಚಳಿಗಾಲದ ಹಕ್ಕಿ ಎಣಿಕೆಗೆ ವರ್ಷಾ ವರ್ಷಾ ಈ ಬೆಟ್ಟಕ್ಕೆ ಬರುವ ಗುಂಪಿನಲ್ಲಿ ಅಜ್ಜನ ನಂತರ ಹಿರಿಯರು ಅವರೇ. ಅಳುತ್ತಿದ್ದರು, ಆದರೆ ದುರ್ಬೀನು ಕಣ್ಣಿನಿಂದ ಇಳಿದಿರಲಿಲ್ಲ.

"ಅಳ್ತಾ ಅಳ್ತಾ ಹಕ್ಕಿ ಕಾಣುತ್ತಾ ಟೀಚರ್?"

"ಇಲ್ಲ. ಮಸುಕು. ಆದ್ರೂ ಇಳಿಸೋಕೆ ಮನಸ್ಸು ಬರ್ತಿಲ್ಲ. ಅಜ್ಜ ಬೈತಾರೆ ಅನ್ಸುತ್ತೆ." ಟೀಚರು ಮೂಗೊರೆಸಿಕೊಂಡರು. "ತಪ್ಪು ನನ್ನದೂ ಇದೆ ಕಣಮ್ಮ. ನಿನ್ನೆ ಅಜ್ಜನ ಸೀಟಿ ನನಗೆ ಕೇಳಿಸ್ತು."

ಅಕ್ಕನ ಕಿವಿ ನೆಟ್ಟಗಾಯಿತು. "ಸೀಟಿ?"

"ನಮ್ಮ ಗುಂಪಲ್ಲಿ ಒಂದು ಪದ್ಧತಿ. ಒಬ್ರೇ ನೋಡಿದ ಹಕ್ಕಿ ಎಣಿಕೆಗೆ ಬರಲ್ಲ. ಎರಡನೇ ಜೊತೆ ಕಣ್ಣು ಬೇಕು. ಅಪರೂಪದ್ದು ಏನಾದ್ರೂ ಕಂಡ್ರೆ ಉದ್ದಕ್ಕೆ ಒಂದು ಸೀಟಿ ಊದಬೇಕು. ಹತ್ತಿರ ಯಾರಿದ್ರೂ ಕೈಯಲ್ಲಿರೋದನ್ನ ಬಿಸಾಕಿ ಓಡಬೇಕು. ನಾನು ತಲೆಗೆ ಬಿಸಿನೀರು ಹಾಕ್ಕೊಂಡಿದ್ದೆ. ಬೇರೆ ಯಾರಾದ್ರೂ ಹೋಗ್ತಾರೆ ಬಿಡು ಅಂದ್ಕೊಂಡೆ."

"ಅಂದ್ರೆ ಯಾರೋ ಹೋಗಿದ್ದಾರೆ."

"ಹೋಗ್ಲೇಬೇಕು. ಸೀಟಿ ಕೇಳಿ ಹೋಗದೇ ಇರೋದು ನಮ್ಮಲ್ಲಿ ದೊಡ್ಡ ತಪ್ಪು."

ಗುಂಪಿನ ಉಳಿದವರೆಲ್ಲ ನಿನ್ನೆ ನಸುಕಿನಲ್ಲೇ ಕೆಳಗಿನ ಕೆರೆಗೆ ಇಳಿದಿದ್ದರು. ಅಜ್ಜನನ್ನು ಬಿಟ್ಟರೆ ಬೆಟ್ಟದ ಮೇಲೆ ಉಳಿದವರು ಟೀಚರು, ತಮ್ಮ, ಗುಂಪಿನ ಇನ್ನೊಬ್ಬರಾದ ಹಲ್ಲಿನ ಡಾಕ್ಟರು. ಡಾಕ್ಟರು ಕಂಬದ ಇಳಿಜಾರಿನ ಆಚೆ ಫೋಟೋ ತೆಗೆಯುತ್ತಿದ್ದರಂತೆ, ಸೀಟಿಗೀಟಿ ಏನೂ ಕೇಳಿಸಲಿಲ್ಲವಂತೆ. ಆ ಹೊತ್ತಿಗೆ ತೆಗೆದ ಫೋಟೋ ಒಂದನ್ನು ಇನ್ಸ್‌ಪೆಕ್ಟರ ಮೊಬೈಲಿಗೂ ಕಳಿಸಿದ್ದರು. ಬಂಡೆಯಿಂದ ಅಷ್ಟು ದೂರ ಇದ್ದವರು ಅಂತ ಪೊಲೀಸರು ಅವರನ್ನು ಅಲ್ಲಿಗೇ ಕೈಬಿಟ್ಟಿದ್ದರು.

"ಓ, ಬಂತು ನೋಡಿ!" ಅಂತ ಟೀಚರು ಪಿಸುಗುಟ್ಟಿದರು.

ಬಯಲಿನ ಮೇಲೆ ಒಂದು ಚಾಣ, ಪುಟ್ಟ ಬೇಟೆಹಕ್ಕಿ. ಕಂದು ರೆಕ್ಕೆ ಪಟಪಟ ಬಡಿಯುತ್ತಾ, ಬಾಲ ಬಿಚ್ಚಿ, ಒಂದೇ ಜಾಗದಲ್ಲಿ ನಿಂತುಬಿಟ್ಟಿತ್ತು. ಮೊಳೆ ಹೊಡೆದು ಆಕಾಶಕ್ಕೆ ತಗುಲಿ ಹಾಕಿದ ಹಾಗೆ. ತಲೆ ಒಂದಿಷ್ಟೂ ಅಲ್ಲಾಡುತ್ತಿರಲಿಲ್ಲ.

"ಹೇಗೆ ನಿಲ್ಲುತ್ತೆ ಅದು ಹಾಗೆ?"

"ಗಾಳಿಗೆ ಮುಖ ಕೊಟ್ಟು. ಗಾಳಿ ಎಷ್ಟು ಹಿಂದಕ್ಕೆ ನೂಕುತ್ತೋ ಅಷ್ಟೇ ಇದು ಮುಂದಕ್ಕೆ ಹಾರುತ್ತೆ. ಕೆಳಗೆ ಇಲಿ ಕಂಡ್ರೆ ಧೊಪ್ ಅಂತ ಬೀಳುತ್ತೆ."

"ಗಾಳಿಗೆ ಬೆನ್ನು ಹಾಕಿದ್ರೆ?"

ಟೀಚರಿಗೆ ಅಳುವಿನ ನಡುವೆಯೂ ನಗು ಬಂತು. "ಬೆನ್ನು ಹಾಕಿದ್ರೆ ಇನ್ಸ್‌ಪೆಕ್ಟರ ಟೋಪಿ ಹೋದ ಹಾಗೆ ಹೋಗುತ್ತೆ ಅಷ್ಟೇ. ನಿಲ್ಲೋಕೆ ಆಗಲ್ಲ."

ಚಾಣದ ಮುಖ ತುದಿಬಂಡೆಯ ಕಡೆಗಿತ್ತು. ಅಕ್ಕ ಅದನ್ನೇ ನೋಡುತ್ತಾ ನಿಂತಳು.

"ನಿನ್ನೆ ಬೆಳಿಗ್ಗೆನೂ ಗಾಳಿ ಹೀಗೇ ಬಂಡೆ ಕಡೆಯಿಂದಲೇ ಬೀಸ್ತಿತ್ತಾ?"

"ಹೂಂ. ನಿನ್ನೆ ನಸುಕಿಗೆ ತಿರುಗಿದ್ದು. ಅದಕ್ಕೇ ಸೀಟಿ ಅಷ್ಟು ಚೆನ್ನಾಗಿ ಕೇಳಿಸ್ತು. ಮೊನ್ನೆವರೆಗೂ ಉಲ್ಟಾ, ಲಾಡ್ಜ್ ಕಡೆಯಿಂದ ಬಂಡೆಗೆ ಬೀಸ್ತಿತ್ತು."

ಅಕ್ಕ ಅವರ ಮಾತು ಮುಗಿಯುವುದರೊಳಗೆ ಬೇಲಿಯ ಕಡೆ ಓಡುತ್ತಿದ್ದಳು. ಇನ್ಸ್‌ಪೆಕ್ಟರ್ ಮುಳ್ಳಿನಿಂದ ಟೋಪಿ ಬಿಡಿಸಿಕೊಂಡು, ಬಿಚ್ಚಿಹೋದ ಎಳೆಯನ್ನು ಕಂಡು ಹೆಂಡತಿಗೆ ಏನು ಹೇಳುವುದು ಅಂತ ಯೋಚಿಸುತ್ತಿದ್ದರು.

"ಸಾರ್, ಮೊಬೈಲು ಕೊಡಿ. ಡಾಕ್ಟ್ರ ಫೋಟೋ."

"ಇನ್ನು ಇದನ್ನೂ ಹಾರಿಸ್ತೀರಾ?" ಅಂತ ಗೊಣಗುತ್ತಲೇ ಕೊಟ್ಟರು.

ಫೋಟೋ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಗರಿ ಗರಿಯೂ ಎಣಿಸುವಷ್ಟು ಸ್ಪಷ್ಟ. ನಡುವೆ ನಿಂತ ಚಾಣ, ಎಡಕ್ಕೆ ಕಂಬ, ಅದರ ಹಿಂದೆ ಲಾಡ್ಜಿನ ಮಾಡಿನ ಒಂದು ತುದಿ. ಮೂಲೆಯಲ್ಲಿ ನಿನ್ನೆಯ ತಾರೀಕು, ಬೆಳಗಿನ ಹೊತ್ತು. ಚಾಣದ ಕೊಕ್ಕು ಕಂಬದ ಕಡೆಗಿತ್ತು, ಲಾಡ್ಜಿನ ಕಡೆಗೆ.

ಅಕ್ಕ ಅದನ್ನು ಇನ್ಸ್‌ಪೆಕ್ಟರಿಗೆ ತೋರಿಸಿ ಬಿಡಿಸಿ ಹೇಳಿದಳು. ಅವರು ಫೋಟೋ ನೋಡಿದರು, ಆಕಾಶ ನೋಡಿದರು, ಕೈಯಲ್ಲಿದ್ದ ಟೋಪಿ ನೋಡಿದರು.

"ಅಂದ್ರೆ ಇದು ನಿನ್ನೆಯದಲ್ಲ!"

"ನಾನು ಮೊದಲು ಒಬ್ಳೇ ಮಾತಾಡ್ತೀನಿ ಸಾರ್. ಖಾಕಿ ಕಂಡ್ರೆ ಬಾಯಿಗೆ ಬೀಗ ಹಾಕ್ಕೊಳ್ಳೋ ಜಾತಿ ಅದು. ನೀವು ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ನನ್ನ ತಮ್ಮನ್ನೂ ಕರ್ಕೊಂಡೇ ಬನ್ನಿ." ಎಷ್ಟೋ ಹೊತ್ತಿನ ಮೇಲೆ ಅವಳ ದನಿಯಲ್ಲಿ ಜೀವ ಬಂದಿತ್ತು. "ಅವನ ಮುಂದೆಯೇ ನೀವು ಅವನನ್ನ ಬಿಡಬೇಕು."

ಹಲ್ಲಿನ ಡಾಕ್ಟರು ಕೋಣೆಯಲ್ಲಿ ಬ್ಯಾಗು ತುಂಬುತ್ತಿದ್ದರು. ಮಂಚದ ಮೇಲೆ ಟವೆಲು ಸುತ್ತಿಕೊಂಡು ಮಲಗಿದ ಉದ್ದನೆಯ ಲೆನ್ಸುಗಳು. ಕಿಟಕಿಯ ಹಲಗೆಯ ಮೇಲೆ ಬ್ರಷ್ಷು, ಪೇಸ್ಟು, ಸಾಲಾಗಿ, ಆಸ್ಪತ್ರೆಯ ಟ್ರೇಯಲ್ಲಿ ಜೋಡಿಸಿದ ಹಾಗೆ.

"ಹೊರಟಿದ್ದೀರಾ ಡಾಕ್ಟ್ರೇ?"

"ಮಂಜು ಕರಗಿದ ಮೇಲೆ. ಕ್ಲಿನಿಕ್ಕಲ್ಲಿ ಪೇಷಂಟುಗಳು ಕಾಯ್ತಿರ್ತಾರೆ." ಡಾಕ್ಟರು ಮಾತಾಡುವಾಗ ಎದುರಿನವರ ಕಣ್ಣನ್ನಲ್ಲ, ಬಾಯನ್ನು ನೋಡುತ್ತಿದ್ದರು. "ನಿಮ್ಮ ಬಲಗಡೆ ದವಡೆ ಹಲ್ಲು ನೋಯ್ತಿದೆ ಅಲ್ವಾ ಮೇಡಂ? ತಿಂಡಿ ತಿನ್ನುವಾಗ ಎಡಗಡೆ ಮಾತ್ರ ಅಗೀತಿದ್ರಿ."

"ನೋಯ್ತಿದೆ. ಆದ್ರೆ ಈಗ ಬಾಯಿ ತೆರೀಬೇಕಾಗಿರೋದು ನೀವು."

ಅವಳು ಬಾಗಿಲು ಮುಂದೆ ಮಾಡಿ, ಇದ್ದ ಒಂದೇ ಕುರ್ಚಿಯಲ್ಲಿ ಕೂತು, ಮೊಬೈಲಿನ ಫೋಟೋವನ್ನು ಅವರ ಮುಂದೆ ಹಿಡಿದಳು.

ಡಾಕ್ಟರ ಮುಖ ತಾನಾಗಿ ಅರಳಿತು. "ಕಣ್ಣಲ್ಲಿರೋ ಬೆಳಕು ನೋಡಿ. ಅದು ಸಿಗೋದೇ ಕಷ್ಟ."

"ಅದರ ಮೂತಿ ಯಾವ ಕಡೆಗಿದೆ?"

"ಕೊಕ್ಕು ಅನ್ನಿ."

"ಕೊಕ್ಕು."

"ಕಂಬದ ಕಡೆ. ಲಾಡ್ಜ್ ಕಡೆ. ಯಾಕೆ?"

"ನಿನ್ನೆ ಗಾಳಿ ಯಾವ ಕಡೆಯಿಂದ ಬೀಸ್ತಿತ್ತು?"

ಡಾಕ್ಟರು ಕಿಟಕಿಯ ಕಡೆ ತಿರುಗಿದರು. ಹೊರಗೆ ಕಿಟಕಿಯ ಗಾಜನ್ನು ಗಾಳಿ ಗಡಗಡ ಅಲ್ಲಾಡಿಸಿತು.

"ಗಾಳಿಗೆ ಬೆನ್ನು ಮಾಡ್ಕೊಂಡು ಚಾಣ ನಿಲ್ಲುತ್ತಾ ಡಾಕ್ಟ್ರೇ? ನನಗೆ ಹಕ್ಕಿ ಗೊತ್ತಿಲ್ಲ. ನಿಮಗೆ ಗೊತ್ತಿದೆ."

"ನಿನ್ನೆ... ಒಮ್ಮೊಮ್ಮೆ ಗಾಳಿ ತಿರುಗುತ್ತೆ..."

"ಫೋಟೋದ ತಾರೀಕು ತಿರುಚಿದ್ದು ನೀವು. ಗಾಳಿ ತಿರುಗಿಸೋಕೆ ಆಗ್ಲಿಲ್ಲ."

ಡಾಕ್ಟರು ಮಂಚದ ಅಂಚಿಗೆ ಕುಸಿದು ಕೂತರು. ಮುಖ ಹುಳ್ಳಗಾಗಿತ್ತು.

"ಒಂದು ಅರ್ಥ ಆಗಿಲ್ಲ ನನಗೆ," ಅಂದಳು ಅಕ್ಕ. "ಹಾಳಾದ ಫೋಟೋ ಯಾವುದಾದ್ರೂ ಕೊಡಬಹುದಿತ್ತು. ಬರೀ ಆಕಾಶ, ಒಂದು ಚುಕ್ಕಿ. ಯಾರೂ ಕೇಳ್ತಿರ್ಲಿಲ್ಲ. ಇಷ್ಟು ಚೆನ್ನಾಗಿರೋದನ್ನೇ ಯಾಕೆ ಕೊಟ್ರಿ?"

"ನಾಲ್ಕು ಜನ ನೋಡ್ತಾರೆ ಅಲ್ವಾ ಮೇಡಂ," ಅಂದರು ಡಾಕ್ಟರು ಸಣ್ಣ ದನಿಯಲ್ಲಿ. "ಇನ್ಸ್‌ಪೆಕ್ಟರು ನೋಡ್ತಾರೆ, ಮೇಲಿನವರು ನೋಡ್ತಾರೆ. ಮಸುಕಾಗಿರೋದನ್ನ ನನ್ನ ಕೈಯಾರೆ ಹೇಗೆ ಕೊಡಲಿ?"

ಅಕ್ಕನಿಗೆ ನಗಬೇಕೋ ಕಪಾಳಕ್ಕೆ ಬಾರಿಸಬೇಕೋ ತಿಳಿಯಲಿಲ್ಲ. ಈ ಮನುಷ್ಯನ ಜಂಬಕ್ಕೆ ತನ್ನ ತಮ್ಮ ಜೈಲು ಸೇರುವವನಿದ್ದ. ಜೇಬಿನಿಂದ ಗೂಟ ತೆಗೆದು ಅವರ ಬ್ರಷ್ಷಿನ ಪಕ್ಕ ಇಟ್ಟಳು.

"ಇದು ತುದಿಬಂಡೆ ಹತ್ರ ಸಿಕ್ಕಿದ್ದು. ಹಲ್ಲಿನ ಸಂದಿ ಉಜ್ಜೋ ನೂಲು. ಪುದೀನ ವಾಸನೆಯದು. ಏನು ಕಟ್ಟಿದ್ರಿ ಇದಕ್ಕೆ?"

ಡಾಕ್ಟರು ಗೂಟವನ್ನು ಬ್ರಷ್ಷಿನ ಸಾಲಿಗೆ ನೇರವಾಗಿ ಜೋಡಿಸಿಟ್ಟರು.

"ಇಲಿ," ಅಂದರು ಕೊನೆಗೆ. "ಜೀವ ಇರೋ ಇಲಿ. ಕಾಲಿಗೆ ನೂಲು ಕಟ್ಟಿ ಬಿಟ್ರೆ ಚಾಣ ಅಲ್ಲಿಗೇ ಬಂದು ಬೀಳುತ್ತೆ. ನಾನು ಹತ್ರದಲ್ಲೇ ಪೊದೆಯೊಳಗೆ ಮರೆ ಕಟ್ಕೊಂಡು ಕೂತಿರ್ತೀನಿ. ಮೂರು ವರ್ಷದಿಂದ ನನಗೆ ಬಹುಮಾನ ಬಂದ ಫೋಟೋಗಳೆಲ್ಲ ಹಾಗೆ ತೆಗೆದವೇ. ನಮ್ಮವರಲ್ಲಿ ಇದಕ್ಕಿಂತ ನೀಚ ಕೆಲಸ ಇನ್ನೊಂದಿಲ್ಲ. ಗೊತ್ತಾದ್ರೆ ಯಾರೂ ನನ್ನ ಹತ್ರ ಸೇರಿಸಲ್ಲ."

"ಅಜ್ಜನಿಗೆ ಗೊತ್ತಾಯ್ತು."

"ನಿನ್ನೆ ಬೆಳಿಗ್ಗೆ ಅವರು ಸೀಟಿ ಊದಿದ್ದು ಹಕ್ಕಿ ಕಂಡಲ್ಲ ಮೇಡಂ. ಕಟ್ಟಿದ ಇಲಿ ಕಂಡು. ಎರಡನೇ ಜೊತೆ ಕಣ್ಣು ಬೇಕಿತ್ತು ಅವರಿಗೆ, ಸಾಕ್ಷಿಗೆ."

"ಸಾಕ್ಷಿ ಬರೋದ್ರೊಳಗೆ ನೀವು ಅವರನ್ನ ತಳ್ಳಿದ್ರಿ."

"ಅಯ್ಯೋ, ಇಲ್ಲ! ನಾನು ಮರೆಯಿಂದ ಹೊರಗೇ ಬರ್ಲಿಲ್ಲ! ಉಸಿರು ಬಿಗಿಹಿಡಿದು ಕೂತಿದ್ದೆ."

"ಯಾರು ನಂಬ್ತಾರೆ ಇದನ್ನ? ಇಲಿ ನಿಮ್ಮದು, ಗುಟ್ಟು ನಿಮ್ಮದು, ಸುಳ್ಳು ಫೋಟೋ ನಿಮ್ಮದು. ಇನ್ಸ್‌ಪೆಕ್ಟರು ಇನ್ನೇನು ಬಂದುಬಿಡ್ತಾರೆ."

ಡಾಕ್ಟರು ತಲೆಯೆತ್ತಿದರು. ಇದೇ ಮೊದಲ ಸಲ ಅವರು ಅಕ್ಕನ ಬಾಯಿ ಬಿಟ್ಟು ಕಣ್ಣು ನೋಡಿದರು. ಆ ನೋಟದಲ್ಲಿ ಹೆದರಿಕೆಗಿಂತ ಹೆಚ್ಚಾಗಿ ಕನಿಕರ ಇತ್ತು. ಅಕ್ಕನಿಗೆ ಅದು ಇಷ್ಟವಾಗಲಿಲ್ಲ.

"ಇಲ್ಲಿಗೇ ಬಿಟ್ಟುಬಿಡಿ ಮೇಡಂ. ಕಾಲು ಜಾರಿ ಬಿದ್ರು ಅಂತಾಗ್ಲಿ. ಎಲ್ರಿಗೂ ಒಳ್ಳೇದು. ನಿಮಗೂ."

"ನನಗೆ?"

"ಇಲಿ ನನಗೆ ಎಲ್ಲಿಂದ ಬರ್ತಿತ್ತು ಅಂದ್ಕೊಂಡ್ರಿ?"

ಅಡುಗೆಮನೆ. ಅಕ್ಕನಿಗೆ ಕೇಳುವ ಮೊದಲೇ ಹೊಳೆಯಿತು. ಉಗ್ರಾಣದ ಮೂಲೆಯಲ್ಲಿ ತಮ್ಮ ಇಟ್ಟಿದ್ದ ಇಲಿಬೋನು.

"ಒಂದೊಂದು ಇಲಿಗೂ ಕೈಗೆ ಏನಾದ್ರೂ ಕೊಡ್ತಿದ್ದೆ. ಮೊನ್ನೆ ಸಂಜೆ ಅಜ್ಜ ಅವನನ್ನ ಹಿಡ್ಕೊಂಡು ಕೇಳಿದ್ರು. ಉಪ್ಪಿನ ಜಗಳ ಅಲ್ಲ ಅದು. ಮಾಲೀಕರಿಗೆ ಹೇಳಿ ಕೆಲಸದಿಂದ ತೆಗೆಸ್ತೀನಿ ಅಂದಿದ್ರು."

"ಸುಳ್ಳು," ಅಂದಳು ಅಕ್ಕ. ಆದರೆ ದನಿಯಲ್ಲಿ ಅವಳ ಎಂದಿನ ಗತ್ತು ಇರಲಿಲ್ಲ.

ಡಾಕ್ಟರು ಹಲ್ಲಿನ ನೂಲಿನ ಡಬ್ಬಿಯನ್ನು ತೆಗೆದುಕೊಂಡು ಮುಚ್ಚಳ ಬಿಚ್ಚಿದರು. ನೂಲಿನ ಸುರುಳಿಯ ಅಡಿಯಿಂದ ಉಗುರಗಲದ ಒಂದು ಮೆಮೊರಿ ಕಾರ್ಡು ಹೊರಬಂತು. ಅದನ್ನು ಕ್ಯಾಮೆರಾಕ್ಕೆ ಹಾಕಿ ಅವಳ ಕೈಗಿಟ್ಟರು.

"ನಿಜವಾದ ನಿನ್ನೆಯ ಫೋಟೋಗಳು ಇವು. ನಾನು ಇವನ್ನ ತೋರಿಸಿದ್ರೆ ಇಲಿ ಕಟ್ಟಿದ್ದು ಗೊತ್ತಾಗುತ್ತೆ, ಅದಕ್ಕೇ ಬಚ್ಚಿಟ್ಟೆ. ಬರೀ ಅದಕ್ಕೇ ಅಲ್ಲ. ಅವನ ಕೈ ಅಡುಗೆ ತಿಂದಿದ್ದೀನಿ. ನೀವು ಅವನ ಅಕ್ಕ ಅಂತಾನೂ ಗೊತ್ತು."

ಅಕ್ಕ ಗುಂಡಿ ಒತ್ತಿದಳು.

ಹುಲ್ಲು. ನೂಲು ಎಳೆಯುತ್ತಿರುವ ಇಲಿ. ಮಸುಕು ಮಸುಕಾದ ಚಾಣ, ಮುಖ ಬಂಡೆಯ ಕಡೆಗೆ. ಆಮೇಲೆ ಲೆನ್ಸು ತಿರುಗಿತ್ತು.

ತುದಿಬಂಡೆ. ಅಂಚಿನಲ್ಲಿ ಹದ್ದಿನಜ್ಜ, ಟೋಪಿ ಹಾರಿದ ಬಿಳೀ ತಲೆ, ಬೆರಳು ಮುಂದಕ್ಕೆ ಚಾಚಿ ಏನೋ ಕೂಗುತ್ತಿದ್ದಾರೆ. ಅವರೆದುರು ಒಂದು ಕೈಯಳತೆಯಲ್ಲಿ ಅವಳ ತಮ್ಮ. ಈ ಚಿತ್ರ ಮಸುಕಾಗಿರಲಿಲ್ಲ. ಅವನ ಹಣೆಯ ಗಂಟು, ಕಚ್ಚಿದ ತುಟಿ, ಎಲ್ಲ ಕಾಣುತ್ತಿತ್ತು.

ಮುಂದಿನದು. ಬಂಡೆಯ ಮೇಲೆ ಅವನೊಬ್ಬನೇ. ಮಂಡಿಯೂರಿ ಕೆಳಗೆ ಬಗ್ಗಿ ನೋಡುತ್ತಿದ್ದಾನೆ.

"ನಡುವೆ?" ಅಂದಳು. "ಇವೆರಡರ ನಡುವಿನದು ಎಲ್ಲಿ?"

"ಇಲ್ಲ ಮೇಡಂ. ಅಜ್ಜ ನನ್ನ ಕಡೆ ತಿರುಗಿದ ಹಾಗಾಯ್ತು. ಹೆದರಿ ತಲೆ ತಗ್ಗಿಸಿದೆ. ಮತ್ತೆ ನೋಡೋವಾಗ ಅಜ್ಜ ಇರ್ಲಿಲ್ಲ. ತಳ್ಳಿದ್ನೋ, ಜಾರಿದ್ರೋ, ಹಿಡಿಯೋಕೆ ಹೋದ್ನೋ, ದೇವರಾಣೆ ನನಗೆ ಗೊತ್ತಿಲ್ಲ."

ನಿನ್ನೆಯಿಂದ ತಮ್ಮ ಎಷ್ಟು ಸಲ ಹೇಳಿದ್ದ. ಒಲೆ ಮುಂದೆ ಕೂತವನು ಎದ್ದಿಲ್ಲ ಅಕ್ಕಾ. ಅವಳು ಒಂದು ಮರುಪ್ರಶ್ನೆ ಕೇಳಿರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಒಲೆಯಲ್ಲಿ ಏನು ಬೇಯುತ್ತಿತ್ತು, ಸೀಟಿ ಕೇಳಿಸಿತೋ ಇಲ್ಲವೋ ಅಂತ ಕೆದಕಿ ಕೆದಕಿ ಕೇಳುತ್ತಿದ್ದಳು. ಅವನು ತನಗೂ ಸುಳ್ಳು ಹೇಳಬಲ್ಲ ಅನ್ನುವುದೇ ಎಲ್ಲಕ್ಕಿಂತ ಹೆಚ್ಚು ನೋಯಿಸಿತು.

ಜಗುಲಿಯಲ್ಲಿ ಬೂಟಿನ ಸದ್ದಾಯಿತು.

ಏನು ಮಾಡುತ್ತಿದ್ದೇನೆ ಅಂತ ಯೋಚಿಸುವ ಮೊದಲೇ ಅವಳ ಬೆರಳು ಕ್ಯಾಮೆರಾದಿಂದ ಕಾರ್ಡನ್ನು ಕಿತ್ತಿತ್ತು. ಮುಷ್ಟಿ ಮುಚ್ಚಿಕೊಂಡಿತು.

ಇನ್ಸ್‌ಪೆಕ್ಟರ್ ಒಳಗೆ ಬಂದರು, ಟೋಪಿ ಮತ್ತೆ ತಲೆಯ ಮೇಲೆ. ಹಿಂದೆ ತಮ್ಮ, ಕೈಯಲ್ಲಿ ಚಹಾದ ತಟ್ಟೆ. ನಿನ್ನೆಯಿಂದ ನಿದ್ದೆಯಿಲ್ಲದೆ ಅವನ ಕಣ್ಣು ಕೆಂಪಾಗಿತ್ತು.

"ಫೋಟೋ ಸುಳ್ಳು ಅಂತ ಒಪ್ಕೊಂಡ್ರಾ?"

"ಒಪ್ಕೊಂಡ್ರು," ಅಂದಳು ಅಕ್ಕ. ಅದು ನಿಜವೇ ಆಗಿತ್ತು.

ಇನ್ಸ್‌ಪೆಕ್ಟರ್ ಡಾಕ್ಟರ ಭುಜದ ಮೇಲೆ ಕೈ ಇಟ್ಟರು. "ಏಳಿ ಡಾಕ್ಟ್ರೇ. ಜೀಪು ಬಂದಿದೆ." ತಮ್ಮನ ಕಡೆ ತಿರುಗಿದರು. "ನಿನ್ನ ಅಕ್ಕ ನಿನ್ನನ್ನ ಉಳಿಸಿಕೊಂಡ್ಲು ಕಣಯ್ಯ. ಜನ್ಮಪೂರ್ತಿ ನೆನೆಸ್ಕೋ."

ತಮ್ಮ ತಟ್ಟೆಯನ್ನು ಎಲ್ಲೋ ಇಟ್ಟು ಅವಳ ಹತ್ತಿರ ಬಂದ. ಚಿಕ್ಕಂದಿನಲ್ಲಿ ಜ್ವರ ಬಿಟ್ಟ ಬೆಳಿಗ್ಗೆ ನಗುತ್ತಿದ್ದನಲ್ಲ, ಹಾಗೆಯೇ ನಗುತ್ತಿದ್ದ.

"ಪುಟ್ಟಾ," ಅಂದಳು ಅವಳು. "ನಿನ್ನೆ ಬೆಳಿಗ್ಗೆ ಬಂಡೆ ಕಡೆ ಹೋಗಿದ್ಯೇನೋ?"

"ಏನಕ್ಕಾ ಮತ್ತೆ ಅದನ್ನೇ ಕೇಳ್ತೀಯ? ಒಲೆ ಬಿಟ್ಟು ಅಲ್ಲಾಡಿಲ್ಲ." ಅವನ ಕಣ್ಣು ಒಂದಿಷ್ಟೂ ಅಳುಕಲಿಲ್ಲ. "ನಿನ್ನಾಣೆ."

ಡಾಕ್ಟರು ಎದ್ದು ನಿಂತರು. ಅವರು ತಮ್ಮನನ್ನು ನೋಡಲಿಲ್ಲ, ಇನ್ಸ್‌ಪೆಕ್ಟರನ್ನೂ ನೋಡಲಿಲ್ಲ. ಅಕ್ಕನ ಬಲಗೈಯನ್ನೇ ನೋಡುತ್ತಿದ್ದರು.

ಇನ್ಸ್‌ಪೆಕ್ಟರ್ ಮಂಚದ ಮೇಲಿನ ಕ್ಯಾಮೆರಾವನ್ನು ಎತ್ತಿಕೊಂಡರು. ಅದರ ಪಕ್ಕದ ಪುಟ್ಟ ಬಾಗಿಲು ತೆರೆದೇ ಇತ್ತು. ಒಳಗೆ ಖಾಲಿ.

"ಇದರ ಕಾರ್ಡ್ ಎಲ್ಲಿ?"

"ಅವರನ್ನೇ ಕೇಳಿ ಸಾರ್," ಅಂದರು ಡಾಕ್ಟರು.

ಇನ್ಸ್‌ಪೆಕ್ಟರ್ ಅವಳ ಕಡೆ ತಿರುಗಿದರು. ಹೊರಗೆ ಜೀಪಿನ ಎಂಜಿನ್ನು ಇನ್ನೂ ಗುರುಗುಟ್ಟುತ್ತಿತ್ತು. ಇಷ್ಟು ವರ್ಷ ಊರವರ ಸುಳ್ಳು ಹಿಡಿದೇ ಹೊಟ್ಟೆ ಹೊರೆದ ಹೆಂಗಸು ತಮ್ಮನ ಮುಖವನ್ನು ಒಮ್ಮೆ ನೋಡಿದಳು.

"ಯಾವ ಕಾರ್ಡು?" ಅಂದಳು ಗುಮಾನಿ ಅಕ್ಕ.